ಟೊಪಿಗಿ ಯಾರು ಹಾಕ್ಕೋಬೇಕು?

ಹೋದ ಸಲ ಮಾದಲಿ ಮಾಡೂ ರೀತಿ ಬರೀತೀನಿ ಅಂತ ಮಾತು ಕೊಟ್ಟಿದ್ದೆ. ಮಾದಲಿ ಇನ್ನೊಂದು ವಾರ ತಡೀಲಿ. ಇವತ್ತ ನಮ್ಮ ಅಕ್ಕನ ಜೋಡಿ ಆದ ಜಗಳದ ಬಗ್ಗೆ ಬರೀಬೇಕಾಗೇದ. ಯಾಕಂದ್ರ ಈ ಜಗಳ ನಮ್ಮಿಬ್ಬರದಷ್ಟೇ ಅಲ್ಲ. ಮಗನೋ ಮಗಳೋ ಅಮೆರಿಕಾದಾಗ ಇರೋ ಮನಿ ನಮ್ಮ ಧಾರವಾಡದ ಓಣ್ಯಾಗ ಎಷ್ಟಾವ ಎಣಿಸಿ ನೋಡ್ರಿ. ಅಷ್ಟೂ ಮನ್ಯಾಗ ಈ ಮಾತು ಇವತ್ತಿಲ್ಲಾ ನಾಳೆ ಬರೂದ ಅದ.

ರಥಸಪ್ತಮಿ ದಿನ, ಅಂದ್ರ ಜನೆವರಿ 25ಕ್ಕ, ಇಲ್ಲೆ ಮಿನಿಯಾಪೊಲಿಸ್‌ನ ನಮ್ಮ ಮನ್ಯಾಗ ಅರಿಷಿಣ-ಕುಂಕುಮ ಇಟ್ಕೊಂಡಿದ್ದೆ. ಹತ್ತು ಮಂದಿ ಬರ್ತೀವಿ ಅಂದಿದ್ರು, ಆರು ಮಂದಿ ಬಂದ್ರು. ಉಳಿದವರು ಬರಲಿಲ್ಲ. ಥಂಡಿ ಭಾಳ ಇತ್ತು ಖರೆ, ಆದ್ರ ಇಪ್ಪತ್ತು ವರ್ಷದಿಂದ ಈ ಥಂಡಿಯೊಳಗ ಬಂದು ಹೋಗಿ ಮಾಡಿದವರು ಅವರು. ಈ ಸಲ ಅವರಿಗೆ ಅಂಜಿಕಿ ಇದ್ದದ್ದು ರಸ್ತೇದ್ದು. ಬಂದವರಿಗೆ ಕುಸುರೆಳ್ಳು ಕೊಟ್ಟೆ, ಒಂದೊಂದು ಖಣ ಕೊಟ್ಟೆ. ಮೂರು ಕೆಂಪು ಟೊಪಿಗಿ ಹೆಣದಿಟ್ಟಿದ್ದೆ, ಬೇಕಾದವರು ತಗೋರಿ ಅಂತ ಮೇಜಿನ ಮ್ಯಾಲೆ ಇಟ್ಟೆ. ಒಂದು ನಾ ಹಾಕ್ಕೊಂಡೆ. ಇನ್ನೊಂದು ನಮ್ಮ ಅಕ್ಕನ ಮಗಳು ಹಾಕ್ಕೊಂಡ್ಲು, ಅಕಿ ಇಲ್ಲೇ ನೌಕರಿ ಮಾಡ್ತಾಳ. ಮೂರನೇದು ಯಾರೂ ಮುಟ್ಟಲಿಲ್ಲ. ಹಣಿಗೆ ಕುಂಕುಮ, ತಲಿ ಮ್ಯಾಲೆ ಕೆಂಪು ಟೊಪಿಗಿ, ಛಂದ ಕಾಣ್ತದ ಅಂತ ಫೋಟೋ ತಗದು ಮನಿ ಮಂದಿ ಗ್ರೂಪಿಗೆ ಹಾಕಿದೆ.

ಅರ್ಧಾ ತಾಸಿನೊಳಗ ಅಕ್ಕನ ಫೋನು. ಅಲ್ಲೆ ಆಗ ಮಧ್ಯರಾತ್ರಿ. "ನಿನಗ ಬುದ್ಧಿ ಅದನೋ ಇಲ್ಲೋ? ಆ ಟೊಪಿಗಿ ಏನಂತ ನನಗ ಗೊತ್ತಿಲ್ಲ ಅನ್ಕೊಂಡೀಯೇನು? ನನ್ನ ಮಗಳ ಫೋಟೋ ಮೊದಲ ತಗಿ" ಅಂದ್ಲು. ಆಮ್ಯಾಲೆ ಅತ್ಲು. ಅಕ್ಕ ಅಳೂದು ನಾ ಎರಡ ಸಲ ನೋಡೀನಿ. ಒಂದು ಅಪ್ಪ ಹೋದಾಗ, ಇನ್ನೊಂದು ಭಾವ ಹೋದಾಗ. ಇದು ಮೂರನೇದು.

ಟೊಪಿಗಿ ಏನು ಅಂತ ಮೊದಲ ಹೇಳಿಬಿಡ್ತೀನಿ. ನಮ್ಮೂರಿಗೆ ಹೊಂದಿದ ಸೇಂಟ್ ಲೂಯಿಸ್ ಪಾರ್ಕ್‌ನ್ಯಾಗ ಒಂದು ಉಲನ್ ಅಂಗಡಿ ಅದ. ಅಲ್ಲೆ ಹೆಂಗಸರು ಕೂಡಿ ಕೂತು ಹೆಣೀತಾರ. ಈ ಜನೆವರಿಯೊಳಗ ಆ ಅಂಗಡಿಯವರು ಒಂದು ಕೆಂಪು ಟೊಪಿಗಿ ಹೆಣಿಯೂ ವಿಧಾನ ಬರದು ಐದು ಡಾಲರಿಗೆ ಮಾರಲಿಕ್ಕೆ ಶುರು ಮಾಡಿದ್ರು. ಚೂಪಾದ ತುದಿ, ತುದಿಗೊಂದು ಗೊಂಡೆ. ಹೆಸರು 'ಐಸ್ ಕರಗಲಿ'. ಐಸ್ ಅಂದ್ರ ಬರ್ಫ ಅಲ್ಲ. ವಲಸೆ ಬಂದವರನ್ನ ಹಿಡಿಯೂ ಇಲ್ಲಿನ ಕೇಂದ್ರ ಸರ್ಕಾರದ ಪಡೆಗೆ ಇಂಗ್ಲಿಷ್‌ನ ಮೊದಲ ಅಕ್ಷರ ಕೂಡಿಸಿದ್ರ ಐಸ್ ಅಂತ ಆಗ್ತದ. 2003ರಾಗ ಹುಟ್ಟಿದ ಇಲಾಖೆ ಅದು. ಟೊಪಿಗಿ ವಿಧಾನ ಮಾರಿದ ರೊಕ್ಕ ವಲಸೆ ಬಂದ ಕುಟುಂಬಗಳಿಗೆ ಸಹಾಯ ಮಾಡೂ ಸಂಸ್ಥೆಗಳಿಗೆ ಹೋಗ್ತದ. ಐದೈದು ಡಾಲರ್ ಕೂಡಿ ಲಕ್ಷಗಟ್ಟಲೆ ಡಾಲರ್ ಆತು.

ಈ ನಮೂನಿ ಟೊಪಿಗಿ ಹೊಸಾದಲ್ಲ. ನಾರ್ವೆ ದೇಶದ್ದು. 1940ರಾಗ ಹಿಟ್ಲರನ ಸೈನ್ಯ ನಾರ್ವೆ ಹಿಡೀತು. ಅಲ್ಲಿನ ಮಂದಿ ಕೈಯಾಗ ಬಂದೂಕಿಲ್ಲ, ಪೇಪರಿನ್ಯಾಗ ಬರಿಯೂ ಹಂಗಿಲ್ಲ. ಕೆಂಪು ಗೊಂಡೆ ಟೊಪಿಗಿ ಹಾಕ್ಕೊಂಡು ಓಡಾಡಿದ್ರು. ನೋಡಿದವರಿಗೆ ಅರ್ಥ ಆಗ್ತಿತ್ತು. ಸರ್ಕಾರಕ್ಕೂ ಅರ್ಥ ಆತು. 1942ರ ಫೆಬ್ರವರಿಯೊಳಗ ಕೆಂಪು ಟೊಪಿಗಿ ಹಾಕ್ಕೋಬಾರದು ಅಂತ ಹುಕುಮ್ ಮಾಡಿದ್ರು. "ಟೊಪಿಗಿಯಿಂದ ಏನಾಗ್ತದ?" ಅಂತ ಅಕ್ಕ ಕೇಳಿದ್ಲು. ಏನೂ ಆಗೂದಿಲ್ಲ ಅಂದಿದ್ರ, ಸೈನ್ಯ ಇದ್ದವರು ಉಲನ್ ಟೊಪಿಗಿಗೆ ಯಾಕ ಅಂಜಬೇಕಾಗಿತ್ತು?

ಇನ್ನ ಇಲ್ಲಿ ಹಕೀಕತ್. 2025ರ ಡಿಸೆಂಬರದಿಂದ ನಮ್ಮೂರಾಗ ಕೇಂದ್ರದ ಪಡೆ ಬಂದು ಕೂತಿತ್ತು, ಸಾವಿರಗಟ್ಟಲೆ ಮಂದಿ. ಜನೆವರಿ 7ಕ್ಕ ಕಾರಿನ್ಯಾಗ ಕೂತಿದ್ದ ಒಬ್ಬ ಹೆಣಮಗಳಿಗೆ ಐಸ್‌ನವ ಗುಂಡು ಹೊಡದ. 37 ವರ್ಷ, ಮೂರು ಮಕ್ಕಳ ತಾಯಿ. ಜನೆವರಿ 24ಕ್ಕ, ಅಂದ್ರ ನಮ್ಮ ಅರಿಷಿಣ-ಕುಂಕುಮದ ಹಿಂದಿನ ದಿನ, ಗಡಿ ಕಾಯೋ ಪಡೆಯವರು ಒಬ್ಬ ನರ್ಸಿಗೆ ಗುಂಡು ಹೊಡದ್ರು. ಅವನಿಗೂ 37. ಮಾಜಿ ಸೈನಿಕರ ದವಾಖಾನ್ಯಾಗ ಐಸಿಯುದಾಗ ಕೆಲಸಾ ಮಾಡ್ತಿದ್ದ. ಇಬ್ಬರೂ ಸತ್ರು. ಇಬ್ಬರೂ ಅಮೆರಿಕಾದ ನಾಗರಿಕರು. ಆತ್ಮರಕ್ಷಣೆಗೆ ಹೊಡದೀವಿ ಅಂತ ಸರ್ಕಾರ ಅಂತು. ವಿಡಿಯೋ ನೋಡಿದ ಊರ ಮಂದಿ ಅದನ್ನ ಒಪ್ಪಲಿಲ್ಲ, ಅಂಥಾ ಥಂಡಿಯೊಳಗ ಸಾವಿರಾರು ಮಂದಿ ರಸ್ತೆಗೆ ಬಂದ್ರು.

ಇವೆರಡರ ನಡುವ ಒಂದು ಕೂಸಿನ ಫೋಟೋ ಬಂತು. ಐದು ವರ್ಷದ ಹುಡುಗ, ಬಾಲವಾಡಿಯಿಂದ ಮನಿಗೆ ಬರೂ ಹೊತ್ತು. ತಲಿಗೆ ಮೊಲದ ಕಿವಿ ಇದ್ದ ನೀಲಿ ಟೊಪಿಗಿ, ಬೆನ್ನಿಗೆ ಸ್ಪೈಡರ್‌ಮ್ಯಾನ್ ಚೀಲ. ಅವನನ್ನೂ ಅವರಪ್ಪನ್ನೂ ಹಿಡದು ಟೆಕ್ಸಾಸ್‌ಗೆ ಕಳಸಿದ್ರು. ಆಶ್ರಯ ಕೇಳಿ ಅರ್ಜಿ ಹಾಕಿ ಕೂತಿದ್ದ ಕುಟುಂಬ ಅದು. ಜಡ್ಜ್ ಬಿಡ್ರಿ ಅಂತ ಹುಕುಮ್ ಮಾಡಿದ ಮ್ಯಾಲೆ ಫೆಬ್ರವರಿ 1ಕ್ಕ ವಾಪಸ್ ಬಂದ್ರು. ಆ ಮೊಲದ ಟೊಪಿಗಿ ನೋಡಿದಾಗ ನನ್ನ ಕೈ ಹೆಣಿಯೂ ಕಡ್ಡಿ ಮ್ಯಾಲೆ ನಿಂತುಬಿಟ್ಟಿತು. ಅಂಥಾದ್ದ ಒಂದು ನಮ್ಮ ಮೊಮ್ಮಗನಿಗೆ ನಾ ಹೆಣದುಕೊಟ್ಟೀನಿ. ಯಾವುದೋ ಅವ್ವ ಥಂಡಿ ಹತ್ತಬಾರದು ಅಂತ ಕಿವಿ ಮುಚ್ಚಿ ಕಳಿಸಿದ್ಲು. ಥಂಡಿ ಹತ್ತಲಿಲ್ಲ, ಬ್ಯಾರೆದ್ದು ಹತ್ತಿತು.

ಈಗ ಅಕ್ಕನ ಮಾತು, ಮತ್ತ ಅವತ್ತ ಮನಿಗೆ ಬಂದಿದ್ದ ಕೆಲವರ ಮಾತು, ಒಂದೊಂದ ತಗೋತೀನಿ. ಅವರೂ ಇದನ್ನ ಓದ್ತಾರ, ಓದಲಿ.

ಮೊದಲನೇ ಮಾತು: "ನಾವು ಕಾಯದೇಶೀರ ಬಂದವರು. ಪಾಳಿ ಹಚ್ಚಿ, ಫೀ ತುಂಬಿ, ಹತ್ತು ಹದಿನೈದು ವರ್ಷ ಕಾದು ಬಂದವರು. ಕದ್ದು ಬಂದವರ ಸಲುವಾಗಿ ನಾವ್ಯಾಕ ಟೊಪಿಗಿ ಹಾಕ್ಕೋಬೇಕು?"

ಪಾಳಿ ಹಚ್ಚಿದ್ದು ಖರೆ. ನಾನೂ ಹಚ್ಚೀನಿ. ದೇಶಕ್ಕ ಗಡಿ ಬೇಕು, ಕಾಯದೆ ಬೇಕು, ಇದನ್ನ ಯಾರೂ ನನಗ ಕಲಿಸಬೇಕಾಗಿಲ್ಲ. ನನ್ನ ತಕರಾರು ಕಾಯದೆ ನಡಸೂ ರೀತಿಯ ಬಗ್ಗೆ ಅದ. ಮುಖಕ್ಕ ಮುಸುಕು ಕಟ್ಕೊಂಡು, ಎದಿ ಮ್ಯಾಲೆ ಹೆಸರಿಲ್ಲದ, ಗುರ್ತಿಲ್ಲದ ಗಾಡಿಯೊಳಗ ಬಂದು ರಸ್ತೆ ಮ್ಯಾಲಿಂದ ಮಂದಿನ ಎತ್ತಿಕೊಂಡು ಹೋಗೂದು ಯಾವ ಕಾಯದೆಯ ಮುಖ? ಹೆಸರು ಗೊತ್ತಾದ್ರ ನಮ್ಮ ಮನಿ ಮಂದಿಗೆ ಬೆದರಿಕಿ ಬರ್ತಾವ ಅಂತ ಅವರು ಹೇಳ್ತಾರ. ನಮ್ಮ ಓಣಿಯ ಪೊಲೀಸನೂ ಕಳ್ಳರನ್ನ ಹಿಡೀತಾನ, ಅವನಿಗೂ ಹೆಂಡ್ರು ಮಕ್ಕಳು ಇದ್ದಾರ, ಅವ ಹೆಸರಿನ ಪಟ್ಟಿ ಹಾಕ್ಕೊಂಡ ಬರ್ತಾನ. ತಪ್ಪು ಮಾಡಿದ್ರ ಇಂಥವ ಮಾಡಿದ ಅಂತ ಫಿರ್ಯಾದಿ ಕೊಡಲಿಕ್ಕೆ ಬರ್ತದ. ಮುಸುಕಿನವನ ಮ್ಯಾಲೆ ಯಾರ ಹೆಸರಿಲೆ ಫಿರ್ಯಾದಿ ಕೊಡೂದು?

ಮತ್ತ "ನಾವು ಬ್ಯಾರೆ, ಅವರು ಬ್ಯಾರೆ" ಅನ್ನೂದು ನಾವು ಅನ್ಕೊಂಡದ್ದು. ಎದುರಿಗೆ ಬಂದವಗ ನಮ್ಮ ಹಣಿ ಮ್ಯಾಲೆ ಗ್ರೀನ್ ಕಾರ್ಡ್ ಕಾಣೂದಿಲ್ಲ, ಮೈಬಣ್ಣ ಕಾಣ್ತದ. ಲಾಸ್ ಏಂಜಲಿಸ್‌ನ್ಯಾಗ ಬರೇ ಮೈಬಣ್ಣ, ಆಡೂ ಭಾಷಾ, ಉಚ್ಚಾರದ ಧಾಟಿ, ನಿಂತ ಜಾಗಾ, ಮಾಡೂ ಕೆಲಸಾ ಇಷ್ಟನ್ನ ನೋಡಿ ಮಂದಿನ ತಡೀಬಾರದು ಅಂತ ಕೆಳಗಿನ ಕೋರ್ಟು ಹೇಳಿತ್ತು. 2025ರ ಸಪ್ಟೆಂಬರದಾಗ ಸುಪ್ರೀಂ ಕೋರ್ಟು ಆ ತಡೆಯನ್ನ ಸದ್ಯಕ್ಕ ತಗದು ಹಾಕಿತು. ಇಪ್ಪತ್ನಾಕು ವರ್ಷ ಇಲ್ಲಿದ್ರೂ ನನ್ನ ಇಂಗ್ಲಿಷ್‌ನ್ಯಾಗ ಧಾರವಾಡ ಹೋಗಿಲ್ಲ, ಹೋಗೂದೂ ಬ್ಯಾಡ. ಈಗ ನಾ ಕೊತ್ತಂಬರಿ ತರಲಿಕ್ಕೆ ಹೋಗೂಮುಂದ ಪರ್ಸಿನ್ಯಾಗ ಪಾಸ್‌ಪೋರ್ಟ್ ಇಟ್ಕೊಂಡು ಹೋಗ್ತೀನಿ. ನಮ್ಮನಿಯವರು ಅದಕ್ಕ ಪ್ಲಾಸ್ಟಿಕ್ ಕವರ್ ಹಾಕಿ ಕೊಟ್ಟಾರ. ನಾಗರಿಕಳು ನಾ. ಕಾಯದೇಶೀರ ಬಂದದ್ದರ ಫಾಯದಾ ಇಷ್ಟ ಆತು ನೋಡ್ರಿ.

ನಮ್ಮ ದೇಶದವರಿಗೆ ಏನೂ ಆಗಿಲ್ಲ ಅನ್ನೂ ಹಂಗೂ ಇಲ್ಲ. 2025ರ ಫೆಬ್ರವರಿ 5ಕ್ಕ ಅಮೆರಿಕಾದ ಸೈನ್ಯದ ವಿಮಾನ 104 ಭಾರತೀಯರನ್ನ ಅಮೃತಸರಕ್ಕ ತಂದು ಇಳಿಸಿತು. ದಾರಿ ತುಂಬ ಕೈಗೆ ಬೇಡಿ, ಕಾಲಿಗೆ ಸರಪಳಿ ಹಾಕಿದ್ರು ಅಂತ ಬಂದವರು ಹೇಳಿದ್ರು. ಮರುದಿನ ದಿಲ್ಲಿಯೊಳಗ ವಿರೋಧ ಪಕ್ಷದ ಎಂಪಿಗಳು ಕೈಗೆ ಬೇಡಿ ಹಾಕ್ಕೊಂಡು ಪಾರ್ಲಿಮೆಂಟಿನ ಮುಂದ ನಿಂತ್ರು. ಆವಾಗ ನೀವೆಲ್ಲಾ ಆ ಫೋಟೋ ಗ್ರೂಪಿಗೆ ಹಾಕಿ "ಬರೋಬ್ಬರಿ ಮಾಡ್ಯಾರ" ಅಂದ್ರಿ. ನೆನಪದನೋ? ಅವರು ಬೇಡಿ ಹಾಕ್ಕೊಂಡ್ರ ಬರೋಬ್ಬರಿ, ನಾ ಟೊಪಿಗಿ ಹಾಕ್ಕೊಂಡ್ರ ಉಸಾಬರಿ.

ಅದ ವರ್ಷ ಸಪ್ಟೆಂಬರದಾಗ ಕ್ಯಾಲಿಫೋರ್ನಿಯಾದಿಂದ 73 ವರ್ಷದ ಒಬ್ಬ ಪಂಜಾಬಿ ಅಜ್ಜಿನ್ನ ಭಾರತಕ್ಕ ಕಳಿಸಿದ್ರು. ಮೂವತ್ತು ವರ್ಷಕ್ಕೂ ಮಿಕ್ಕಿ ಅಲ್ಲೇ ಇದ್ದಾಕಿ, ಸೀರಿ ಅಂಗಡ್ಯಾಗ ಹೊಲಿಗಿ ಕೆಲಸಾ ಮಾಡ್ದಾಕಿ. ಹಾಜರಿ ಹಾಕ್ರಿ ಅಂದಾಗೆಲ್ಲಾ ಹೋಗಿ ಹಾಜರಿ ಹಾಕ್ತಿದ್ಲು, ಹಾಜರಿಗೆ ಹೋದಾಗ ಹಿಡದ್ರು. ಹತ್ತಾರು ವರ್ಷ ಯಾರ್‍ಯಾರದೋ ಮಗಳ ಲಗ್ನದ ಬಟ್ಟಿ ಹೊಲದು ಕೊಟ್ಟ ಕೈ ಅವು. ಅಕಿನೂ "ಅವರು ಬ್ಯಾರೆ" ಅನ್ನೂ ಲೆಕ್ಕದಾಗ ಬರ್ತಾಳೇನು?

ಎರಡನೇ ಮಾತು: "ಬರೀ ತೋರಿಕಿ. ಅಂಗಿ ಹಾಕ್ಕೊಂಡು ಫೋಟೋ ತಗಸ್ಕೊಂಡ್ರ ಯಾರ ಹೊಟ್ಟಿ ತುಂಬ್ತದ?"

ಇದರಾಗ ಸ್ವಲ್ಪ ಖರೆ ಅದ. ಅಂಗಿ ಮಾರೂ ಕಂಪನಿಗೆ ಯಾವ ಘೋಷಣಾ ಆದ್ರೂ ನಡೀತದ, ಅದಕ್ಕ ರೊಕ್ಕ ಬಂದ್ರ ಸಾಕು. ದೊಡ್ಡ ಸಮಾರಂಭದಾಗ ಹಾಡೂ ಮಂದಿ ಎದಿಗೆ ಬಿಲ್ಲೆ ಚುಚ್ಚಿಕೊಂಡು ಬಂದು ಹೋಗ್ತಾರ, ಮರುದಿನ ಅವರಿಗೆ ಬ್ಯಾರೆ ಕೆಲಸಾ ಇರ್ತದ. ಆದ್ರ ಬಟ್ಟಿ ಮಾತಾಡೂದಿಲ್ಲ ಅಂತ ಅನಬ್ಯಾಡ್ರಿ. 2018ರ ಜೂನ್ ತಿಂಗಳು ನೆನಪು ಮಾಡ್ಕೋರಿ. ಗಡಿ ದಾಟಿ ಬಂದ ಸಾವಿರಾರು ಮಕ್ಕಳನ್ನ ಅವ್ವ-ಅಪ್ಪನ ಕೈಯಿಂದ ಬಿಡಿಸಿ ಬ್ಯಾರೆ ಇಟ್ಟಿದ್ರು. ಜೂನ್ 21ಕ್ಕ ಆ ಮಕ್ಕಳನ್ನ ನೋಡಲಿಕ್ಕೆ ಟೆಕ್ಸಾಸ್‌ಗೆ ಹೊಂಟ ಅಧ್ಯಕ್ಷರ ಹೆಂಡತಿ ಮೆಲಾನಿಯಾ ಟ್ರಂಪ್ ಒಂದು ಹಸರು ಜಾಕೆಟ್ ಹಾಕ್ಕೊಂಡು ವಿಮಾನ ಹತ್ತಿದ್ಲು. ಬೆನ್ನ ಮ್ಯಾಲೆ ದೊಡ್ಡ ಅಕ್ಷರದಾಗ ಬರದಿತ್ತು: ನನಗಂತೂ ಪರಿವೆ ಇಲ್ಲ, ನಿಮಗದನೋ ಅಂತ. ಅದು ಬರೇ ಜಾಕೆಟ್, ಅದರಾಗ ಏನೂ ಅರ್ಥ ಇಲ್ಲ ಅಂತ ಅಕಿ ಕಚೇರಿಯವರು ಹೇಳಿದ್ರು. ಕೆಲವು ತಿಂಗಳ ಮ್ಯಾಲೆ ಟೀವಿಯೊಳಗ ಅಕೀನ ಹೇಳಿದ್ಲು, ನನ್ನ ಟೀಕಾ ಮಾಡೂ ಪತ್ರಿಕಾದವರಿಗೆ ಉತ್ತರ ಕೊಡಲಿಕ್ಕೆ ಹಾಕ್ಕೊಂಡಿದ್ದೆ ಅಂತ. ಅಂದ್ರ ಅರಮನ್ಯಾಗ ಇರಾಕಿನೂ ಅಂಗಿ ಮ್ಯಾಲೆ ಬರದ ಮಾತಾಡ್ತಾಳ. ನಮ್ಮ ಬಾಯಿಗೆ ಮಾತ್ರ ಯಾಕ ಬೀಗ?

ಅದಾದ ಒಂದ ವಾರಕ್ಕ, ಜೂನ್ 28ಕ್ಕ, ವಾಷಿಂಗ್ಟನ್‌ನ್ಯಾಗ ಸೆನೆಟಿನ ಕಚೇರಿ ಕಟ್ಟಡದೊಳಗ ನೂರಾರು ಹೆಂಗಸರು ಹೋಗಿ ನೆಲದ ಮ್ಯಾಲೆ ಕೂತ್ರು. ಎಷ್ಟೋ ಮಂದಿ ಬೆಳ್ಳಿ ಬಣ್ಣದ ಹಾಳಿ ಹೊದ್ಕೊಂಡಿದ್ರು. ನಾವು ಚಪಾತಿ ಸುತ್ತಿ ಇಡ್ತೀವಲ್ಲ, ಆ ಫಾಯಿಲ್‌ನಂಥಾದ್ದು. ಬಂಧನದಾಗ ಇಟ್ಟ ಮಕ್ಕಳಿಗೆ ಹೊದಿಕಿ ಅಂತ ಅದನ್ನ ಕೊಟ್ಟಿದ್ರು. ಮಕ್ಕಳು ಹೊದ್ದದ್ದನ್ನ ಇವರು ಹೊದ್ರು. ಸುಮಾರು 575 ಮಂದಿನ್ನ ಪೊಲೀಸರು ಹಿಡದ್ರು. ಚೆನ್ನೈದಾಗ ಹುಟ್ಟಿದ ಸಂಸದೆ ಪ್ರಮೀಳಾ ಜಯಪಾಲ್ ಅವರೊಳಗ ಒಬ್ಬರು. ಆ ತಿಂಗಳದಾಗ ಎಲ್ಲಾ ಕಡೆಯಿಂದ ಒತ್ತಡ ಬಿದ್ದು, ಮಕ್ಕಳನ್ನ ಬ್ಯಾರೆ ಮಾಡೂ ಪದ್ಧತಿ ನಿಲ್ಲಸ್ತೀವಿ ಅಂತ ಅಧ್ಯಕ್ಷರ ಹುಕುಮ್ ಬಂತು, ಕೂಡಸಿ ಕೊಡ್ರಿ ಅಂತ ಕೋರ್ಟಿನ ಹುಕುಮೂ ಬಂತು. ಹೊದಿಕಿಯಿಂದನ ಆತು ಅಂತ ನಾ ಹೇಳೂದಿಲ್ಲ. ಆದ್ರ ಯಾರೂ ನೋಡದ ಬಾಗಲದ ಹಿಂದಿನ ಹೊದಿಕಿ ಎಲ್ಲಾರ ಕಣ್ಣಿಗೆ ಬಿದ್ದದ್ದರಾಗ ಈ ಹೆಂಗಸರ ಕೈ ಅದ.

ಮೂರನೇ ಮಾತು: "ಇಂಥಾದ್ದೆಲ್ಲಾ ಹಾಕ್ಕೊಂಡ್ರ ಕೇಸ್ ಆಗ್ತದ."

ನಾಗರಿಕರಿಗೆ ಬರೇ ಹಾಕ್ಕೊಂಡದ್ದಕ್ಕ ಆಗಂಗಿಲ್ಲ. ಇಲ್ಲಿನ ಸುಪ್ರೀಂ ಕೋರ್ಟು ಇದನ್ನ ಎಂದೋ ಹೇಳಿ ಮುಗಿಸೇದ. ನಮ್ಮ ಪಕ್ಕದ ಅಯೋವಾ ರಾಜ್ಯದಾಗ 1965ರಾಗ ಮೇರಿ ಬೆತ್ ಟಿಂಕರ್ ಅನ್ನೂ 13 ವರ್ಷದ ಹುಡುಗಿ ವಿಯೆಟ್ನಾಂ ಯುದ್ಧ ಬ್ಯಾಡ ಅಂತ ತೋಳಿಗೆ ಕರೀ ಪಟ್ಟಿ ಕಟ್ಕೊಂಡು ಸಾಲಿಗೆ ಹೋದ್ಲು. ಸಾಲಿಯವರು ಮನಿಗೆ ಕಳಿಸಿದ್ರು. 1969ರಾಗ ಸುಪ್ರೀಂ ಕೋರ್ಟು ಹುಡುಗಿ ಕಡೆ ತೀರ್ಪು ಕೊಟ್ಟಿತು, ಏಳು ಮಂದಿ ಅಕಿ ಕಡೆ, ಇಬ್ಬರು ವಿರುದ್ಧ. 1971ರಾಗ ಇನ್ನೊಂದು. ಸೈನ್ಯಕ್ಕ ಕಡ್ಡಾಯವಾಗಿ ಸೇರಿಸೂದರ ವಿರುದ್ಧ ಬೈಗುಳದ ಶಬ್ದ ಬರದ ಜಾಕೆಟ್ ಹಾಕ್ಕೊಂಡು ಲಾಸ್ ಏಂಜಲಿಸ್ ಕೋರ್ಟಿನ ಪಡಸಾಲ್ಯಾಗ ಓಡಾಡಿದ ಹುಡುಗಗ 30 ದಿನ ಜೈಲ್ ಆಗಿತ್ತು. ಸುಪ್ರೀಂ ಕೋರ್ಟು ಆ ಶಿಕ್ಷಾ ರದ್ದು ಮಾಡಿತು. ನನ್ನ ಟೊಪಿಗಿ ಮ್ಯಾಲೆ ಬೈಗುಳನೂ ಇಲ್ಲ, ಒಂದು ಅಕ್ಷರನೂ ಇಲ್ಲ. ಬರೇ ಗೊಂಡೆ ಅದ.

ಇನ್ನ ನಾಕನೇ ಮಾತು. ಅಕ್ಕ ಅತ್ತದ್ದು ಇದರ ಸಲುವಾಗಿ. ಇದರಾಗ ಅಕ್ಕಂದ ಖರೆ, ನಂದು ತಪ್ಪು. ಎಲ್ಲಾರ ಮುಂದ ಒಪ್ಕೋತೀನಿ.

ಅಕಿ ಮಗಳು ಎಚ್-1ಬಿ ವೀಸಾದ ಮ್ಯಾಲೆ ಇದ್ದಾಳ. ಅಧಿಕ ಮಾಸದೊಳಗ ಬೀಳಬಾರದು ಅಂತ ಎಪ್ರಿಲ್ ಕಡೀ ವಾರಕ್ಕ ಲಗ್ನದ ಮುಹೂರ್ತ ಇಟ್ಟಾರ. ಲಗ್ನಕ್ಕ ಹೋದಾಕಿ ಚೆನ್ನೈಗೆ ಹೋಗಿ ವೀಸಾದ ಠಸ್ಸೆ ಹೊಡಿಸಿಕೊಂಡು ವಾಪಸ್ ಬರಬೇಕು. 2025ರ ಡಿಸೆಂಬರ್ 15ರಿಂದ ಎಚ್-1ಬಿ ಮತ್ತ ಎಚ್-4 ಕೇಳೂ ಮಂದಿ ತಮ್ಮ ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು ಎಲ್ಲಾ ತಗದಿಡಬೇಕು, ಅವರು ನೋಡ್ತಾರ. ಆ ತಪಾಸಣಿ ಸಲುವಾಗಿ ಭಾರತದಾಗ ಎಷ್ಟೋ ಮಂದಿ ಸಂದರ್ಶನದ ತಾರೀಖು ತಿಂಗಳಗಟ್ಟಲೆ ಮುಂದ ಹೋದವು. ರಜಾಕ್ಕ ಅಂತ ಊರಿಗೆ ಬಂದವರು ಅಲ್ಲೇ ಸಿಕ್ಕೊಂಡು ಕೂತ್ರು. ಅದಕ್ಕೂ ಹಿಂದ, 2025ರ ಮಾರ್ಚ್‌ದಾಗ ಮ್ಯಾಸಚೂಸೆಟ್ಸ್‌ನ್ಯಾಗ ಓದೂ ಟರ್ಕಿ ದೇಶದ ಒಬ್ಬ ಹುಡುಗಿನ್ನ ಮುಸುಕಿನವರು ರಸ್ತೆ ಮ್ಯಾಲೆ ಹಿಡದ್ರು. ಕಾಲೇಜಿನ ಪೇಪರಿನ್ಯಾಗ ಬ್ಯಾರೆಯವರ ಜೋಡಿ ಕೂಡಿ ಒಂದು ಲೇಖನ ಬರದಿದ್ಲು ಅಕಿ. ಆರು ವಾರ ಲೂಸಿಯಾನಾದಾಗ ಇಟ್ರು, ಆಮ್ಯಾಲೆ ಜಡ್ಜ್ ಬಿಡಿಸಿದ್ರು. ಅದ ತಿಂಗಳು ನ್ಯೂಯಾರ್ಕ್‌ನ್ಯಾಗ ಓದ್ತಿದ್ದ ಭಾರತದ ಒಬ್ಬ ಹುಡುಗಿ ವೀಸಾ ರದ್ದಾತು ಅಂತ ಗೊತ್ತಾಗಿ ಕೆನಡಾಕ್ಕ ಹೋದ್ಲು.

ಇಷ್ಟೆಲ್ಲಾ ಗೊತ್ತಿದ್ದೂ ನಾ ಟೊಪಿಗಿ ಮೇಜಿನ ಮ್ಯಾಲೆ ಇಟ್ಟೆ, ಅಕಿ ಹಾಕ್ಕೊಂಡಾಗ ಖುಷಿ ಪಟ್ಟೆ, ಫೋಟೋ ಹಾಕಿದೆ. ಅಕಿಗೆ ಮೂವತ್ತು ವರ್ಷ ಆಗೇದ, ತಿಳೀತದ, ತಾನ ತಗೊಂಡಾಳ ಅಂತ ನನಗ ನಾನ ಸಮಾಧಾನ ಹೇಳ್ಕೊಂಡೆ. ಅದು ಸಮಾಧಾನ ಅಷ್ಟ, ಉತ್ತರ ಅಲ್ಲ. ಮಾವಶಿ ಮನ್ಯಾಗ ಎಲ್ಲಾರ ಮುಂದ ಮಾವಶಿ ಹೆಣದ ಟೊಪಿಗಿ ಬ್ಯಾಡ ಅನ್ನಲಿಕ್ಕೆ ಯಾವ ಹುಡುಗಿಗೆ ಆಗ್ತದ? ಭಿಡೆಗೆ ಹಾಕ್ಕೊಂಡ್ಲೋ ಮನಸಿನಿಂದ ಹಾಕ್ಕೊಂಡ್ಲೋ ಕೇಳಲಿಲ್ಲ ನಾ. ಅವತ್ತ ರಾತ್ರಿ ಫೋಟೋ ತಗದು ಹಾಕಿದೆ. ಮರುದಿನ ಅಕಿನ್ನ ಕೇಳಿದೆ. "ಮನಸಿನಿಂದನ ಹಾಕ್ಕೊಂಡೆ ಮಾವಶಿ, ಆದ್ರ ರಾತ್ರಿ ನಿದ್ದಿ ಬರಲಿಲ್ಲ" ಅಂದ್ಲು. ಟೊಪಿಗಿ ವಾಪಸ್ ತಗೊಂಡೆ. ಅಕಿಗೆ ಕಾಫಿ ಬಣ್ಣದ್ದೊಂದು ಹೆಣಿಲಿಕ್ಕೆ ಹತ್ತೀನಿ.

ಹಂಗಾರ ನಾನೂ ತಗದಿಡಬೇಕೋ? ಅಕ್ಕ ಅದನ್ನ ಕೇಳ್ತಾಳ. "ಅಕಿದು ತಗದಿ, ನಿಂದೂ ತಗಿ, ಮುಗೀತು." ಇಲ್ಲೆ ನಾ ಒಪ್ಪೂದಿಲ್ಲ ಅಕ್ಕಾ. ಅಕಿ ಹಾಕ್ಕೊಳ್ಳಿಕ್ಕೆ ಆಗಂಗಿಲ್ಲ, ಅದಕ್ಕ ನಾ ಹಾಕ್ಕೋಬೇಕು. ಅಕಿ ಬಾಯಿ ಮುಚ್ಚಿಕೊಂಡು ಇರಬೇಕಾದ ಊರಾಗ ನಾನೂ ಮುಚ್ಚಿಕೊಂಡ್ರ, ಅಕಿ ಪರವಾಗಿ ಮಾತಾಡೂ ಮಂದಿ ಎಲ್ಲಿಂದ ಬರಬೇಕು? ನಾ ಪಾಸ್‌ಪೋರ್ಟ್ ತಗೊಂಡಿದ್ದು ವಿಮಾನ ನಿಲ್ದಾಣದಾಗ ಪಾಳಿ ಸಣ್ಣದಾಗ್ತದ ಅಂತ ಅಲ್ಲ.

ನಿನಗ ನಮ್ಮ ಅಜ್ಜಿ ನೆನಪಿರಬೇಕು. 1942ರಾಗ, ನಾರ್ವೆದಾಗ ಟೊಪಿಗಿ ಬಂದ್ ಮಾಡಿದ ಅದ ವರ್ಷ, ಅಜ್ಜಿ ಗರಗದ ಖಾದಿ ಸೀರಿ ಬಿಟ್ಟು ಬ್ಯಾರೆದ್ದು ಉಡ್ತಿರಲಿಲ್ಲ. ಲಗ್ನ-ಮುಂಜವಿಗೂ ಅದ ದಪ್ಪ ಸೀರಿ. ತೊಯ್ದ್ರ ಎತ್ತಲಿಕ್ಕೆ ಇಬ್ಬರು ಬೇಕಿತ್ತಂತ. ಅಜ್ಜ ಸರ್ಕಾರಿ ಕಚೇರ್‍ಯಾಗ ಕಾರಕೂನ. ಅವರು ಖಾದಿ ಹಾಕ್ಕೊಳ್ಳಿಕ್ಕೆ ಆಗ್ತಿರಲಿಲ್ಲ, ನೌಕರಿ ಹೋಗ್ತಿತ್ತು, ಏಳು ಮಂದಿ ಉಣ್ಣೂ ಮನಿ. ಅತ್ತಿಯವರು "ಗಂಡನ ಅನ್ನಕ್ಕ ಕಲ್ಲ ಹಾಕ್ತೀ" ಅಂತ ದಿನಾ ಬೈತಿದ್ರಂತ. ಅಜ್ಜಿ ಏನಂತಿದ್ಲು ಅಂತ ಅವ್ವ ಹೇಳ್ತಿದ್ಲಲ್ಲ: "ಅವರು ಉಡಲಿಕ್ಕೆ ಆಗೂದಿಲ್ಲ, ಅದಕ್ಕ ಅವರ ಪಾಲಿಂದೂ ನಾನ ಉಡ್ತೀನಿ." ಈ ಕಥಿ ನೀನ ನನಗ ನೂರು ಸಲ ಹೇಳೀ. ಆಗಸ್ಟ್ 15 ಬಂದಾಗೊಮ್ಮೆ ಅಜ್ಜಿ ಸೀರಿ ತುಂಡಿನ ಫೋಟೋ ನೀನ ಹಾಕ್ತೀ, ಬೆಂಗೇರಿಯೊಳಗ ರಾಷ್ಟ್ರಧ್ವಜ ಹೊಲಿಯೂದು ನಮ್ಮ ಕಡೆ ಖಾದಿಲೆ ಅಂತ ಹೆಮ್ಮಿಲೆ ಬರೀತೀ. ಅಜ್ಜಿ ಉಟ್ಟದ್ದಕ್ಕ ಹೆಮ್ಮಿ, ತಂಗಿ ಹಾಕ್ಕೊಂಡದ್ದಕ್ಕ ಸಿಟ್ಟು. ಎಂಬತ್ತು ವರ್ಷ ಹಳೇದಾದ ಮ್ಯಾಲೆ ಎಲ್ಲಾರಿಗೂ ಧೈರ್ಯ ಛಂದ ಕಾಣ್ತದ.

ಆವಾಗ ಬ್ರಿಟಿಷರು, ಈಗ ನಿಮ್ಮದ ಸರ್ಕಾರ ಅಂತ ಯಾರರ ಅಂದಾರು. ಹೌದು, ನಂದ ಸರ್ಕಾರ. ನಾ ತೆರಿಗಿ ತುಂಬ್ತೀನಿ, ಆ ಮುಸುಕು ಆ ಗಾಡಿ ನನ್ನ ರೊಕ್ಕದಾಗ ಬಂದಾವ. ಬ್ಯಾರೆಯವರ ಮನಿ ಹೊಲಸಿಗೆ ಮೂಗು ಮುಚ್ಚಿಕೊಂಡು ಹೋಗಬಹುದು, ನಮ್ಮ ಮನೀದು ನಾವ ಬಳೀಬೇಕು.

ಈ ಜಗಳ ಆದ ಮ್ಯಾಲೆ ನನ್ನ ಸಲುವಾಗಿ ಕೆಲವು ನೇಮ ಮಾಡ್ಕೊಂಡೀನಿ. ವೀಸಾದ ಮ್ಯಾಲಿದ್ದವರಿಗೆ, ಗ್ರೀನ್ ಕಾರ್ಡಿನವರಿಗೆ ಟೊಪಿಗಿ ಕೊಡೂದಿಲ್ಲ, ತಾವಾಗಿ ಕೇಳಿದ್ರೂ ಎರಡ ಸಲ ವಿಚಾರ ಮಾಡ್ರಿ ಅಂತೀನಿ. ಅವರು ಹಾಕ್ಕೊಳ್ಳಲಿಲ್ಲ ಅಂತ ಹೇಡಿ ಅನ್ನೂದಿಲ್ಲ, ಅನ್ನೂರ ಮಾತು ಕೇಳೂದೂ ಇಲ್ಲ. ಬ್ಯಾರೆಯವರ ಮುಖ ಕಾಣೂ ಫೋಟೋ ಕೇಳದ ಹಾಕೂದಿಲ್ಲ, ಮನಿ ಮಂದಿ ಗ್ರೂಪ್ ಆದ್ರೂ ಅಷ್ಟ. ಮತ್ತ ಟೊಪಿಗಿ ಹಾಕ್ಕೊಂಡ ದಿನ ಒಂದು ಕೆಲಸಾ ಮಾಡದ ಟೊಪಿಗಿ ತಗಿಯೂದಿಲ್ಲ. ಇಲ್ಲೆ ಎಷ್ಟೋ ಮನಿಯವರು ಅಂಜಿ ವಾರಗಟ್ಟಲೆ ಹೊರಗ ಬಂದಿಲ್ಲ. ಅವರಿಗೆ ಅಕ್ಕಿ, ಬ್ಯಾಳಿ, ಹಾಲು, ಮಕ್ಕಳ ಡೈಪರ್ ಮುಟ್ಟಸೂ ಮಂದಿ ಇದ್ದಾರ, ನಾ ಅವರ ಜೋಡಿ ವಾರಕ್ಕ ಎರಡ ಸಲ ಹೋಗ್ತೀನಿ. ಬಾಗಲಾ ಬಡದ್ರ ಒಳಗಿನವರು ಮೊದಲ ಕಿಟಕಿ ಸಂದಿಯಿಂದ ನೋಡ್ತಾರ. ಕೆಂಪು ಟೊಪಿಗಿ ಕಂಡ್ರ ಚಿಲಕಾ ತಗೀತಾರ. ಟೊಪಿಗಿಯಿಂದ ಏನಾಗ್ತದ ಅಂತ ಕೇಳಿದ್ದೆಲ್ಲಾ ಅಕ್ಕಾ, ಇಷ್ಟಾಗ್ತದ.

ನಿಮ್ಮೆಲ್ಲಾರಿಗೂ ನಂದೊಂದ ಮಾತು. ರಾತ್ರಿ ಮಕ್ಕಳಿಗೆ ಫೋನ್ ಹಚ್ಚಿದಾಗ "ಉಂಡೇನು, ಥಂಡಿ ಅದನೋ" ಅಂತ ಕೇಳಿದ ಮ್ಯಾಲೆ "ನಿನಗ್ಯಾಕ ಬೇಕು ಊರ ಉಸಾಬರಿ, ಸುಮ್ಮನ ಇರು" ಅಂತೀರಿ. ಹಂಗ ಅನ್ನೂಕಿಂತ ಮೊದಲ ಮಗನ ಕೈಯಾಗ, ಮಗಳ ಕೈಯಾಗ ಯಾವ ಕಾಗದ ಅದ ಅಂತ ವಿಚಾರ ಮಾಡ್ರಿ. ವೀಸಾ ಇದ್ರ ಸುಮ್ಮನ ಇರು ಅನ್ರಿ, ನಾನೂ ಅಂತೀನಿ. ಅಮೆರಿಕಾದ ಪಾಸ್‌ಪೋರ್ಟ್ ಇದ್ರ ಹಂಗ ಅನಬ್ಯಾಡ್ರಿ. ಹೋಗು ಅಂತ ಹೇಳಲಿಕ್ಕೆ ನಿಮ್ಮ ಹೊಟ್ಯಾಗಿನ ಸಂಕಟ ಬಿಡೂದಿಲ್ಲ, ಅದು ನನಗ ತಿಳೀತದ, ನಾನೂ ಎರಡು ಹಡದಾಕಿ. ತಡೀಬ್ಯಾಡ್ರಿ, ಅಷ್ಟ ಸಾಕು.

ಆ ಮೂರನೇ ಟೊಪಿಗಿ ಇನ್ನೂ ಮೇಜಿನ ಮ್ಯಾಲೆ ಅದ. ಇಲ್ಲೆ ಇರೋರು, ಪಾಸ್‌ಪೋರ್ಟ್ ಇದ್ದವರು, ಅವತ್ತ ಅದನ್ನ ನೋಡಿ ಮುಖಾ ಆಕಡೆ ಮಾಡಿದವರು ಇದನ್ನ ಓದಿದ್ರ ಬಂದು ತಗೊಂಡು ಹೋಗ್ರಿ. ಚಾ ಮಾಡ್ತೀನಿ, ಅವಲಕ್ಕಿ ಹಚ್ಚೀನಿ. ಬೇಕಾದ್ರ ಜಗಳಾನೂ ಮಾಡೋಣು.